ಯುವಜನರ ಮುಂದೊಂದು ಹಾದಿ: ಸಂಚಾರ ಇಂಜಿನಿಯರಿಂಗ್

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವವರ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ವರ್ಷವಿಡೀ ಪ್ರಮಾಣಪತ್ರಗಳಿಗಾಗಿ ಬರುತ್ತಿದ್ದ ತಾಯ್ತಂದೆಯರು ಆಗ ಅಂಕಪಟ್ಟಿ ಹಿಡಿದು ಬರುತ್ತಾರೆ. ಮಗನಿಗೆ ಯಾವುದು ಒಳ್ಳೆಯದು, ಮಗಳು ಏನು ಓದಬೇಕು ಎಂಬ ಪ್ರಶ್ನೆಗೆ ಉತ್ತರ ಅವರ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಅದಕ್ಕೆ ನಮ್ಮ ಒಪ್ಪಿಗೆಯ ಮುದ್ರೆಯೊಂದು ಬಿದ್ದರೆ ಸಾಕು. ಆ ಉತ್ತರ ಸಾಮಾನ್ಯವಾಗಿ ಕಂಪ್ಯೂಟರ್. ಸಿವಿಲ್ ಇಂಜಿನಿಯರಿಂಗ್ ಸೇರಿದ ಹುಡುಗನ ತಾಯಿ ಅದನ್ನು ತುಸು ಸಂಕೋಚದಿಂದಲೇ ಹೇಳುತ್ತಾರೆ, ಬೇರೆ ಸೀಟು ಸಿಗಲಿಲ್ಲವೇನೋ ಎಂಬಂತೆ. ಸಿವಿಲ್ ಎಂದರೆ ಮನೆ ಕಟ್ಟಿಸುವುದು, ಕಾಂಟ್ರ್ಯಾಕ್ಟ್ ಹಿಡಿಯುವುದು, ಇಲ್ಲವೇ ಲೋಕೋಪಯೋಗಿ ಇಲಾಖೆಯ ನೌಕರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಶಿಕ್ಷಣದಿಂದಲೇ ಕವಲೊಡೆಯುವ, ಆದರೆ ನಮ್ಮ ಯುವಜನರು ಹೆಚ್ಚಾಗಿ ಹೆಸರನ್ನೂ ಕೇಳದ ಒಂದು ವೃತ್ತಿಯ ಬಗ್ಗೆ ಈ ವಾರ ಬರೆಯಬೇಕೆನಿಸಿದೆ. ಅದು ಸಂಚಾರ ಇಂಜಿನಿಯರಿಂಗ್.

ಟ್ರಾಫಿಕ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಿಳಿ ಅಂಗಿ ತೊಟ್ಟು ಸೀಟಿ ಊದುವ ಪೊಲೀಸರು. ಅವರದು ನಿಯಮವನ್ನು ಪಾಲಿಸುವಂತೆ ಮಾಡುವ ಕೆಲಸ. ನಿಯಮ ಯಾವುದಿರಬೇಕು, ಕೆಂಪು ದೀಪ ಎಷ್ಟು ಸೆಕೆಂಡು ಉರಿಯಬೇಕು, ಬಸ್ಸು ಎಲ್ಲಿ ನಿಲ್ಲಬೇಕು, ತಿರುವಿನಲ್ಲಿ ಎಷ್ಟು ದೂರದ ನೋಟ ಸಿಗಬೇಕು, ಶಾಲೆಯ ಮಕ್ಕಳು ಎಲ್ಲಿ ದಾಟಬೇಕು ಎಂದು ಲೆಕ್ಕ ಹಾಕಿ ನಿರ್ಧರಿಸುವವನು ಸಂಚಾರ ಇಂಜಿನಿಯರ್. ರಸ್ತೆ ಕಟ್ಟುವ ಇಂಜಿನಿಯರನ ಚಿಂತೆ ಜಲ್ಲಿ, ಡಾಂಬರು, ಮಳೆನೀರಿನ ಕುರಿತಾದದ್ದು. ರಸ್ತೆ ಕುಸಿಯದೆ ನಿಂತರೆ ಅವನ ಕೆಲಸ ಅಲ್ಲಿಗೆ ಮುಗಿಯಿತು. ಸಂಚಾರ ಇಂಜಿನಿಯರನ ಕೆಲಸ ಅಲ್ಲಿಂದ ಮುಂದಿನದು. ಆ ರಸ್ತೆಯ ಮೇಲೆ ಸಾಗುವ ಮನುಷ್ಯನೇ ಅವನ ವಿಷಯ. ಅವನ ಅವಸರ, ಅಂಜಿಕೆ, ತಪ್ಪು ಊಹೆಗಳೂ ಅದರಲ್ಲಿ ಸೇರುತ್ತವೆ. ಕಲ್ಲಿಗೆ ಸ್ವಂತ ಇಚ್ಛೆಯಿಲ್ಲ. ಸ್ಟೇಟ್‌ಬ್ಯಾಂಕಿಗೆ ಹೊರಟ ಸಿಟಿ ಬಸ್ಸಿನ ಚಾಲಕನಿಗೆ ಇದೆ, ಹಿಂದಿನ ಬಸ್ಸಿನ ಟೈಮಿಂಗಿನ ಭಯವೂ ಇದೆ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ, ತಯಾರಿಸುವ ಕೌಶಲ ಬೇರೆ, ಮನುಷ್ಯರ ವಿಷಯದಲ್ಲಿ ತೀರ್ಮಾನಿಸುವ ವಿವೇಕ ಬೇರೆ ಎಂದು ಅರಿಸ್ಟಾಟಲನು ಮಾಡಿದ ಭೇದವನ್ನು ನಮಗೆ ಕಲಿಸಿದ್ದರು. ಒಂದೇ ವೃತ್ತಿಯಲ್ಲಿ ಇವೆರಡೂ ದಿನವೂ ಬೇಕಾಗುವುದು ಅಪರೂಪ, ಇಲ್ಲಿ ಬೇಕಾಗುತ್ತದೆ.

ಈ ಶಾಸ್ತ್ರ ಹೊಸದು, ಅದು ಎದುರಿಸುವ ಸಮಸ್ಯೆ ಹಳೆಯದು. ಕ್ರಿ.ಶ. 1300ರಲ್ಲಿ ಎಂಟನೆಯ ಬೊನಿಫಾಸ್ ಜಗದ್ಗುರುಗಳು ಜ್ಯೂಬಿಲಿ ವರ್ಷವನ್ನು ಸಾರಿದಾಗ ಯಾತ್ರಿಕರ ಪ್ರವಾಹವೇ ರೋಮಿಗೆ ಹರಿದು ಬಂತು. ತೈಬರ್ ನದಿಯ ಮೇಲಿನ ಸಂತ ಆಂಜೆಲೊ ಸೇತುವೆಯಲ್ಲಿ ಸಂತ ಪೇತ್ರರ ದೇವಾಲಯಕ್ಕೆ ಹೋಗುವವರು ಒಂದು ಬದಿಯಲ್ಲಿ, ಮರಳುವವರು ಇನ್ನೊಂದು ಬದಿಯಲ್ಲಿ ಸಾಗುವಂತೆ ಏರ್ಪಾಡು ಮಾಡಲಾಯಿತು. ಇದನ್ನು ನಮಗೆ ತಿಳಿಸುವವನು ದಾಂತೆ ಮಹಾಕವಿ; ತನ್ನ ಕಾವ್ಯದ ನರಕಖಂಡದಲ್ಲಿ ಪಾಪಿಗಳ ಎರಡು ಸಾಲುಗಳನ್ನು ವರ್ಣಿಸುವಾಗ ಅವನಿಗೆ ನೆನಪಾದದ್ದು ರೋಮಿನ ಆ ಸೇತುವೆ. ಹೋಲಿಕೆಗೆ ಯಾತ್ರಿಕರನ್ನು ಆರಿಸಿಕೊಂಡ ಕವಿಯ ಧೈರ್ಯವನ್ನು ಮೆಚ್ಚಬೇಕು! 2025ರ ಜ್ಯೂಬಿಲಿಗಾಗಿ ರೋಮಿಗೆ ಹೋದವರು ಆ ಸೇತುವೆಯನ್ನು ಕಂಡಿರಬಹುದು. ಈಗ ಅದರ ಮೇಲೆ ಪಾದಚಾರಿಗಳು ಮಾತ್ರ ನಡೆಯುತ್ತಾರೆ.

ಸಂಚಾರ ದೀಪ ಬಂದದ್ದು 1868ರ ಡಿಸೆಂಬರಿನಲ್ಲಿ, ಲಂಡನ್ನಿನ ಸಂಸತ್ ಭವನದ ಬಳಿ. ಅದನ್ನು ರೂಪಿಸಿದ ಜೆ. ಪಿ. ನೈಟ್ ಎಂಬವರು ರೈಲ್ವೆ ಇಂಜಿನಿಯರ್. ರೈಲಿನ ಕೈಮರವನ್ನೇ ಬೀದಿಗೆ ತಂದು, ರಾತ್ರಿಗಾಗಿ ಕೆಂಪು ಹಸಿರು ಅನಿಲ ದೀಪಗಳನ್ನು ಜೋಡಿಸಿದರು. ಕೆಲವೇ ವಾರಗಳಲ್ಲಿ ಅನಿಲ ಸ್ಫೋಟಿಸಿ ಅದನ್ನು ನಡೆಸುತ್ತಿದ್ದ ಪೊಲೀಸನಿಗೆ ಗಾಯವಾಯಿತು. 1903ರಲ್ಲಿ ನ್ಯೂಯಾರ್ಕಿನ ಬೀದಿಗಳಿಗೆ ನಿಯಮಾವಳಿ ಬರೆದ ವಿಲಿಯಂ ಫೆಲ್ಪ್ಸ್ ಈನೊ ಅವರ ಕಾಲಕ್ಕೆ ಸಮಸ್ಯೆ ಕುದುರೆಗಾಡಿಗಳದ್ದು. ಮೋಟಾರು ಬಂದ ಮೇಲೆ ಇದೊಂದು ವೃತ್ತಿಯಾಗಿ ಬೆಳೆದು, 1930ರಲ್ಲಿ ಅಮೆರಿಕದ ಸಂಚಾರ ಇಂಜಿನಿಯರುಗಳು ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ನಮ್ಮ ದೇಶದಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕಗೊಂಡ ರಸ್ತೆ ಸಮಿತಿಯ ಶಿಫಾರಸುಗಳ ಫಲವಾಗಿ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಐಆರ್‌ಸಿ ಎಂದು ಕರೆಯಲ್ಪಡುವ ಈ ಸಂಸ್ಥೆ ಪ್ರಕಟಿಸುವ ಸಂಹಿತೆಗಳೇ ಇಂದಿಗೂ ಭಾರತದ ಸಂಚಾರ ಇಂಜಿನಿಯರನ ಕೈಪಿಡಿಗಳು. ಫಲಕಗಳಿಗೊಂದು, ರಸ್ತೆಯ ಮೇಲಿನ ಗೆರೆಗಳಿಗೊಂದು, ಸಿಗ್ನಲ್‌ಗಳಿಗೊಂದು, ಪಾದಚಾರಿಗಳ ಸೌಕರ್ಯಕ್ಕೊಂದು ಹೀಗೆ ನೂರಕ್ಕೂ ಹೆಚ್ಚು ಸಂಹಿತೆಗಳಿವೆ.

ಇನ್ನು ಈ ವೃತ್ತಿಗೆ ಸೇರುವ ಬಗೆ. ಅಡಿಪಾಯ ಸಿವಿಲ್ ಇಂಜಿನಿಯರಿಂಗ್ ಪದವಿ. ಡಿಪ್ಲೊಮಾ ಮುಗಿಸಿದವರಿಗೂ ಸಮೀಕ್ಷೆ ಮತ್ತು ನಕ್ಷೆಯ ಕೆಲಸದಲ್ಲಿ ಅವಕಾಶವಿದೆ. ಪದವಿಯ ನಾಲ್ಕು ವರ್ಷಗಳಲ್ಲಿ ಸಂಚಾರದ ಪಾಠ ಬರುವುದು ಹೈವೇ ಇಂಜಿನಿಯರಿಂಗ್ ಎಂಬ ವಿಷಯದ ಕೆಲವು ಅಧ್ಯಾಯಗಳಾಗಿ ಮಾತ್ರ. ಈ ವಿಷಯಕ್ಕೆ ದೇಶದುದ್ದಕ್ಕೂ ತಲೆಮಾರುಗಳಿಂದ ಬಳಕೆಯಲ್ಲಿರುವ ಪಠ್ಯ ಎಸ್. ಕೆ. ಖನ್ನಾ ಮತ್ತು ಸಿ. ಇ. ಜಿ. ಜಸ್ಟೊ ಅವರದ್ದು, ಜಸ್ಟೊ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು ಎಂಬುದು ಕನ್ನಡ ನಾಡಿಗೆ ಸಂತೋಷದ ಸಂಗತಿ. ವಿಷಯವನ್ನು ಆಳವಾಗಿ ಕಲಿಯಬೇಕೆಂದಿದ್ದರೆ ಎರಡು ವರ್ಷಗಳ ಎಂ.ಟೆಕ್. ಅಗತ್ಯ. ಫೆಬ್ರವರಿ ತಿಂಗಳಿನಲ್ಲಿ ನಡೆಯುವ ಗೇಟ್ ಪರೀಕ್ಷೆಯೇ ಅದಕ್ಕೆ ಮುಖ್ಯದ್ವಾರ. ಅದರ ಅಂಕ ಮೂರು ವರ್ಷ ಮಾನ್ಯವಾಗಿರುತ್ತದೆ, ಉತ್ತೀರ್ಣರಾಗಿ ಸೇರಿದವರಿಗೆ ಶಿಷ್ಯವೇತನವೂ ಉಂಟು. ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ, ಮದ್ರಾಸ್ ಮತ್ತು ಮುಂಬಯಿಯ ಐಐಟಿಗಳು, ವಾರಂಗಲ್ಲಿನ ಎನ್‌ಐಟಿ ಮುಂತಾದೆಡೆ ಸಾರಿಗೆ ಇಂಜಿನಿಯರಿಂಗ್ ಕಲಿಸಲಾಗುತ್ತದೆ. ದೆಹಲಿಯ ಸ್ಕೂಲ್ ಆಫ್ ಪ್ಲ್ಯಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್ ಮತ್ತು ಅಹಮದಾಬಾದಿನ ಸೆಪ್ಟ್ ಇದನ್ನು ನಗರಯೋಜನೆಯ ದೃಷ್ಟಿಯಿಂದ ಕಲಿಸುತ್ತವೆ. ಕೇಂದ್ರ ಸರಕಾರದ ರಸ್ತೆ ಸಂಶೋಧನಾ ಸಂಸ್ಥೆಯಿರುವುದು ದೆಹಲಿಯಲ್ಲಿ. ರಸ್ತೆ ಸುರಕ್ಷಾ ಪರಿಶೋಧಕರಾಗಬಯಸುವ ಇಂಜಿನಿಯರುಗಳಿಗೆ ಅದು ತರಬೇತಿ ನೀಡಿ ಪ್ರಮಾಣಪತ್ರ ಕೊಡುತ್ತದೆ.

ಕಾಲೇಜಿನಿಂದ ಹೊರಬಿದ್ದವನ ಮೊದಲ ಕೆಲಸ ಎಣಿಸುವುದು. ಇದನ್ನು ಕೇಳಿ ನಗುವವರಿದ್ದಾರೆ. ಇಂಜಿನಿಯರಿಂಗ್ ಓದಿ ವಾಹನ ಎಣಿಸಬೇಕೇ ಎಂದು ತಂದೆಯೊಬ್ಬರು ನಮ್ಮಲ್ಲಿ ಕೇಳಿದ್ದುಂಟು. ಎಣಿಸಲೇಬೇಕು. ನಾಲ್ಕು ರಸ್ತೆಗಳು ಕೂಡುವಲ್ಲಿ ಯಾವ ದಿಕ್ಕಿನಿಂದ ಬಂದ ಯಾವ ಬಗೆಯ ವಾಹನ ಯಾವ ದಿಕ್ಕಿಗೆ ತಿರುಗಿತು ಎಂದು ಹದಿನೈದು ಹದಿನೈದು ನಿಮಿಷಗಳ ಸಾಲುಗಳಲ್ಲಿ ಗುರುತು ಹಾಕಬೇಕು. ಹೆದ್ದಾರಿಯಾದರೆ ಹಗಲು ರಾತ್ರಿ ಎನ್ನದೆ ಏಳು ದಿನ. ವಾಹನಗಳನ್ನು ನಿಲ್ಲಿಸಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಕೇಳಿ ಬರೆದುಕೊಳ್ಳುವ ಸಮೀಕ್ಷೆಯೂ ಇದೆ. ಪೊಲೀಸರ ನೆರವಿಲ್ಲದೆ ಅದು ನಡೆಯದು, ನೆರವಿದ್ದರೂ ಬೈಗುಳ ತಪ್ಪದು. ಈಗೀಗ ಕಂಬಕ್ಕೆ ಕ್ಯಾಮೆರಾ ಕಟ್ಟಿ ಯಂತ್ರದಿಂದ ಎಣಿಸುವ ರೂಢಿ ಬಂದಿದೆ. ಆದರೂ ಮೊದಲ ಕೆಲವು ತಿಂಗಳು ರಸ್ತೆಬದಿಯಲ್ಲಿ ಸ್ವತಃ ನಿಂತು ಎಣಿಸಿದವನಿಗೆ ಸಿಗುವ ತಿಳಿವಳಿಕೆ ಪರದೆಯ ಮುಂದೆ ಕುಳಿತವನಿಗೆ ಸಿಗಲಾರದು. ನಂತೂರಿನಂತಹ ವೃತ್ತದಲ್ಲಿ ಬೆಳಗ್ಗೆ ಎಂಟರಿಂದ ಹತ್ತರವರೆಗೆ ನಿಂತವನು, ರಾಷ್ಟ್ರೀಯ ಹೆದ್ದಾರಿ 66ರ ಲಾರಿಗೂ ಕಾರ್ಕಳದ ಕಡೆಯಿಂದ ಬರುವ ಬಸ್ಸಿಗೂ ಮಕ್ಕಳನ್ನು ಶಾಲೆಗೆ ಬಿಡಲು ಸ್ಕೂಟರಿನಲ್ಲಿ ಹೊರಟ ತಾಯಿಗೂ ಒಂದೇ ಜಾಗ ಒಂದೇ ಕ್ಷಣದಲ್ಲಿ ಬೇಕಾಗುವುದನ್ನು ಕಣ್ಣಾರೆ ಕಾಣುತ್ತಾನೆ.

ಎಣಿಸಿದ್ದನ್ನು ಒಂದು ಅಳತೆಗೆ ತರುವುದು ಮುಂದಿನ ಹೆಜ್ಜೆ. ಎತ್ತಿನಗಾಡಿಯನ್ನೂ ಬಸ್ಸನ್ನೂ ಸ್ಕೂಟರನ್ನೂ ಹೇಗೆ ಕೂಡಿಸುವುದು? ಒಂದು ಕಾರನ್ನು ಒಂದು ಎಂದು ಹಿಡಿದು, ಉಳಿದ ವಾಹನಗಳು ರಸ್ತೆಯಲ್ಲಿ ಎಷ್ಟು ಕಾರುಗಳಷ್ಟು ಅಡ್ಡಿ ಮಾಡುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಗ್ರಾಮಾಂತರ ರಸ್ತೆಗಳಿಗಾಗಿ ಐಆರ್‌ಸಿ 1990ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಸ್ಕೂಟರು ಅರ್ಧ, ಸೈಕಲ್ಲೂ ಅರ್ಧ, ಬಸ್ಸು ಅಥವಾ ಲಾರಿ ಮೂರು, ಕೈಗಾಡಿ ಮೂರು, ಕುದುರೆಗಾಡಿ ನಾಲ್ಕು, ಎತ್ತಿನಗಾಡಿ ಎಂಟು. 2017ರಲ್ಲಿ ಭಾರತದ ರಸ್ತೆಗಳಿಗೆಂದೇ ಸಿದ್ಧವಾದ ಕೈಪಿಡಿಯಲ್ಲಿ ಈ ವಿಧಾನವನ್ನು ಪರಿಷ್ಕರಿಸಲಾಗಿದೆ. ಅಳತೆಗೋಲು ಮಾತ್ರ ಕಾರೇ ಆಗಿ ಉಳಿದಿದೆ. ರಸ್ತೆಯ ಅಗಲವನ್ನು ನಿರ್ಧರಿಸಲು ಇದು ಉಪಯುಕ್ತವಾದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೋಷ್ಟಕವನ್ನು ಇನ್ನೊಮ್ಮೆ ನೋಡಿ. ಐವತ್ತು ಜನರನ್ನು ಹೊತ್ತ ಬಸ್ಸು ಇಲ್ಲಿ ಮೂರು ಕಾರುಗಳಷ್ಟು ಅಡ್ಡಿ. ಒಬ್ಬನೇ ಕುಳಿತ ಕಾರು ಒಂದು. ನಡೆದುಹೋಗುವವನಿಗೆ ಈ ಕೋಷ್ಟಕದಲ್ಲಿ ಅಂಕಿಯೇ ಇಲ್ಲ. ಅವನನ್ನು ಎಣಿಸಬೇಕೆಂದಿದ್ದರೆ ಬೇರೆ ಹಾಳೆ ಬೇಕು, ಬೇರೆ ಮನುಷ್ಯ ಬೇಕು. ಸಮಯವೂ ಹಣವೂ ಸಾಲದಿದ್ದಾಗ ಮೊದಲು ಬಿಟ್ಟುಹೋಗುವುದು ಆ ಹಾಳೆಯೇ.

ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಎಂ.ಟೆಕ್. ಮುಗಿಸಿ ಒಂದು ಸಲಹಾ ಸಂಸ್ಥೆಗೆ ಸೇರಿದ. ಹೆದ್ದಾರಿ ಅಗಲಗೊಂಡ ಒಂದೂರಿನಲ್ಲಿ ಪಾದಚಾರಿಗಳಿಗೆ ಮೇಲ್ಸೇತುವೆ ಸಾಕೇ ಅಥವಾ ನೆಲಮಟ್ಟದಲ್ಲೇ ಸಿಗ್ನಲ್ ಇಟ್ಟು ದಾಟಿಸಬೇಕೇ ಎಂಬ ವರದಿ ಅವನ ಪಾಲಿಗೆ ಬಂತು. ಎರಡು ದಿನ ಎಣಿಸಿದ. ದಾಟುವವರ ಸಂಖ್ಯೆ ತೀರ ಕಡಿಮೆ. ಪಾದಚಾರಿಗಳ ಬೇಡಿಕೆ ಅತ್ಯಲ್ಪ ಎಂಬ ವಾಕ್ಯವನ್ನು ಹಿರಿಯರು ಕರಡಿನಲ್ಲಿ ಆಗಲೇ ಬರೆದಿಟ್ಟಿದ್ದರು. ಅಂಕಿಗಳು ಅದಕ್ಕೆ ಸರಿಯಾಗಿ ಹೊಂದಿದವು. ಹುಡುಗನಿಗೆ ಸಮಾಧಾನವಾಗಲಿಲ್ಲ. ರಸ್ತೆಯ ಒಂದು ಬದಿಯಲ್ಲಿ ಮನೆಗಳು, ಇನ್ನೊಂದು ಬದಿಯಲ್ಲಿ ಶಾಲೆ, ಪಡಿತರದ ಅಂಗಡಿ, ಮೀನು ಮಾರುಕಟ್ಟೆ. ಹೀಗಿರುವಾಗ ದಾಟುವವರೇ ಇಲ್ಲದಿರುವುದು ಹೇಗೆ? ಮೂರನೆಯ ದಿನ ಅವನು ಹಾಳೆ ಬದಿಗಿಟ್ಟು ಬಸ್ ತಂಗುದಾಣದಲ್ಲಿ ಕುಳಿತವರನ್ನು ಮಾತನಾಡಿಸಿದ. ಮೀನು ಮಾರುವ ಹಿರಿಯ ಹೆಂಗಸೊಬ್ಬಳು ಹೇಳಿದಳಂತೆ: "ಮಗಾ, ತಲೆ ಮೇಲೆ ಬುಟ್ಟಿ ಇಟ್ಕೊಂಡು ಆ ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ? ನಾನು ಬೆಳಗಿನ ಜಾವ ವಾಹನ ಕಮ್ಮಿ ಇರುವಾಗ ಈಚೆ ಬರ್ತೇನೆ, ಸಂಜೆ ರಿಕ್ಷಾಕ್ಕೆ ಕೊಟ್ಟು ಸುತ್ತಿ ಹೋಗ್ತೇನೆ." ಇನ್ನೊಬ್ಬ ವೃದ್ಧರು ಎರಡು ವರ್ಷಗಳಿಂದ ಆಚೆ ಬದಿಗೆ ಹೋಗಿಯೇ ಇಲ್ಲ. ಅವರ ತಂಗಿಯ ಮನೆ ಇರುವುದು ಅಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ.

ಹುಡುಗ ಇದನ್ನೆಲ್ಲ ಅರ್ಧ ಪುಟದಷ್ಟು ಬರೆದು ವರದಿಗೆ ಸೇರಿಸಿದ. "ಇದು ಸಂಖ್ಯೆಯಲ್ಲ, ಕತೆ" ಎಂಬ ಷರಾ ಬಿತ್ತು. ಅವನು ಸುಮ್ಮನಾಗದೆ ಮತ್ತೆ ಹೋಗಿ, ರಸ್ತೆಬದಿಗೆ ಬಂದು ನಿಂತವರೆಷ್ಟು, ಅವರಲ್ಲಿ ದಾಟದೆ ಹಿಂದಿರುಗಿದವರೆಷ್ಟು, ದಾಟಿದವರು ಎಷ್ಟು ಹೊತ್ತು ಕಾದರು ಎಂದು ಮತ್ತೆ ಎರಡು ದಿನ ಎಣಿಸಿ ತಂದ. ಆಗ ಅದು ಸಂಖ್ಯೆಯಾಯಿತು. ಕೊನೆಗೆ ವರದಿಯ ಅನುಬಂಧದಲ್ಲಿ ಜಾಗ ಸಿಕ್ಕಿತು. ಮುಖ್ಯ ಭಾಗದ ವಾಕ್ಯ ಬದಲಾಗಲಿಲ್ಲ. "ನನ್ನ ಸಹಿ ಎರಡರ ಕೆಳಗೂ ಇದೆ ಫಾದರ್" ಎಂದು ಅವನು ನಮ್ಮಲ್ಲಿ ಹೇಳಿದಾಗ ಅದರಲ್ಲಿ ಹೆಮ್ಮೆಯೂ ಇತ್ತು, ಇರಿತವೂ ಇತ್ತು.

ಈ ವೃತ್ತಿಯ ನಿಜವಾದ ಕಷ್ಟ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಗಣಿತ ಕಠಿಣವಲ್ಲ, ಸಂಖ್ಯಾಶಾಸ್ತ್ರ ತಿಳಿದ ವಿದ್ಯಾರ್ಥಿಗೆ ಅದು ದಕ್ಕುತ್ತದೆ. ಆದರೆ ಎಣಿಕೆಗೆ ಸಿಕ್ಕಿದವನು ಮಾತ್ರ ಇದ್ದಾನೆ, ಸಿಗದವನು ಇಲ್ಲ ಎಂದು ನಂಬುವುದು ಬಹಳ ಸುಲಭ. ಅಪಾಯಕ್ಕೆ ಹೆದರಿ ದಾಟದವನು, ಬಸ್ಸಿಲ್ಲದ ಕಾರಣ ಕೆಲಸವನ್ನೇ ಬಿಟ್ಟವಳು, ಗಾಲಿಕುರ್ಚಿಯ ಕಾರಣದಿಂದ ಮನೆಯೊಳಗೇ ಉಳಿದವನು, ಇವರಾರೂ ಹದಿನೈದು ನಿಮಿಷದ ಸಾಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ನದಿಗೆ ಸೇತುವೆ ಬೇಕೇ ಎಂದು ತಿಳಿಯಲು ಈಜಿ ದಾಟುವವರನ್ನು ಎಣಿಸಿದಂತೆ ಇದು.

ಇದೇ ಮಾತು ಸೆಕೆಂಡುಗಳಿಗೂ ಅನ್ವಯಿಸುತ್ತದೆ. ಸಿಗ್ನಲ್ ವಿನ್ಯಾಸದಲ್ಲಿ ಪಾದಚಾರಿಯ ನಡಿಗೆಯ ವೇಗವನ್ನು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 14 ಮೀಟರ್ ಅಗಲದ ರಸ್ತೆ ದಾಟಲು ಆಗ ಹನ್ನೆರಡು ಸೆಕೆಂಡು ಸಾಕು. ಮೊಣಕಾಲು ನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವಳಿಗೆ ಬೇಕಾದದ್ದು ಹದಿನೇಳೂವರೆ ಸೆಕೆಂಡು. ಹಸಿರು ಮುಗಿದಾಗ ಅವಳು ಕೊನೆಯ ಸಾಲಿನ ವಾಹನಗಳೆದುರು ಇರುತ್ತಾಳೆ. ಅಮೆರಿಕದಲ್ಲಿಯೂ ಬಹುಕಾಲ ಇದೇ ವೇಗ, ಅಂದರೆ ಸೆಕೆಂಡಿಗೆ ನಾಲ್ಕು ಅಡಿ, ರೂಢಿಯಲ್ಲಿತ್ತು. 2009ರ ಕೈಪಿಡಿಯಲ್ಲಿ ಅದನ್ನು ಮೂರೂವರೆ ಅಡಿಗೆ ಇಳಿಸಿದರು. ಅರ್ಧ ಅಡಿ ಎಂದರೆ ಏನು ಮಹಾ ಎಂದು ಕೇಳುವವರು ಮುದುಕರ ಜೊತೆ ಒಮ್ಮೆ ರಸ್ತೆ ದಾಟಿ ನೋಡಲಿ.

ಸಂತ ಥಾಮಸ್ ಅಕ್ವಿನಾಸರು ಮಾನವ ನಿರ್ಮಿತ ಕಾನೂನುಗಳ ಬಗ್ಗೆ ಹೇಳುವ ಒಂದು ವಿಚಾರ ಇಲ್ಲಿ ಪ್ರಸ್ತುತವೆನಿಸುತ್ತದೆ. ಕೆಲವು ಕಾನೂನುಗಳು ನೈತಿಕ ನಿಯಮದಿಂದ ನೇರವಾಗಿ, ತರ್ಕದ ತೀರ್ಮಾನದಂತೆ ಹೊರಡುತ್ತವೆ. ಇನ್ನು ಕೆಲವು, ಶಿಲ್ಪಿಯೊಬ್ಬ ಮನೆ ಎಂಬ ಸಾಮಾನ್ಯ ಕಲ್ಪನೆಗೆ ಇಂಥದೇ ಆಕಾರ ಎಂದು ಗೊತ್ತುಪಡಿಸುವಂತೆ, ಮನುಷ್ಯರು ಆರಿಸಿಕೊಂಡವು. ಎಡಬದಿಯಲ್ಲಿ ವಾಹನ ನಡೆಸಬೇಕೆಂಬುದು ಎರಡನೆಯ ಬಗೆಯದು. ದುಬೈಯಲ್ಲಿ ಬಲಬದಿ, ಅಲ್ಲಿಯೂ ಜನ ಕ್ಷೇಮವಾಗಿಯೇ ಮನೆ ಸೇರುತ್ತಾರೆ. ಆದರೆ ಕಾಲ್ನಡಿಗೆಯವನು ಜೀವಸಹಿತ ಆಚೆ ಬದಿ ಸೇರಬೇಕೆಂಬುದು ಆರಿಸಿಕೊಳ್ಳುವ ವಿಷಯವಲ್ಲ. ಸಂಚಾರ ಇಂಜಿನಿಯರನ ಮೇಜಿನ ಮೇಲಿರುವ ಅಂಕಿಗಳಲ್ಲಿ ಎರಡು ಬಗೆಯವೂ ಬೆರೆತಿರುತ್ತವೆ. ಪಟ್ಟಿಯ ಅಗಲ ಹತ್ತು ಸೆಂಟಿಮೀಟರೋ ಹದಿನೈದೋ ಎಂಬಲ್ಲಿ ಅವನು ಧಾರಾಳವಾಗಿ ರಾಜಿಯಾಗಬಹುದು. ತಿರುವಿನ ನೋಟದ ದೂರದಲ್ಲಿ ರಾಜಿಯಾಗಲಾರ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಚಾಲಕನು ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಎರಡೂವರೆ ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದು ಐಆರ್‌ಸಿ ಲೆಕ್ಕ ಹಿಡಿಯುತ್ತದೆ; ಅಷ್ಟರಲ್ಲಿ ವಾಹನ 55 ಮೀಟರ್ ಸಾಗಿರುತ್ತದೆ. ಪೂರ್ತಿ ನಿಲ್ಲಲು 120 ಮೀಟರ್ ಬೇಕು. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಗುಡ್ಡ ಕಡಿದು ಮಾಡಿದ ತಿರುವುಗಳಲ್ಲಿ ಅಷ್ಟು ನೋಟ ಸಿಗಬೇಕಾದರೆ ಇನ್ನೂ ಒಂದಿಷ್ಟು ಗುಡ್ಡ ಕಡಿಯಬೇಕು, ಇಲ್ಲವೇ ವೇಗವನ್ನು ಇಳಿಸಬೇಕು. ಎರಡನ್ನೂ ಮಾಡದೆ 'ಅಪಾಯಕಾರಿ ತಿರುವು' ಎಂಬ ಫಲಕ ನೆಡುವುದೂ ಉಂಟು.

ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಟಣೆಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು ನೂರಕ್ಕೆ ನಲವತ್ತನಾಲ್ಕರಷ್ಟು, ಪಾದಚಾರಿಗಳು ಐವರಲ್ಲಿ ಒಬ್ಬರಷ್ಟು. ಇಂತಹ ಮರಣಗಳ ಅಂತ್ಯಕ್ರಿಯೆಗೆ ನಿಲ್ಲುವವರಲ್ಲಿ ನಾವೂ ಇದ್ದೇವೆ. ಪೆಟ್ಟಿಗೆಯ ಬಳಿ ಗುಸುಗುಸು ಮಾತನಾಡುವವರು ಹುಡುಗನ ವೇಗವನ್ನು ಕುರಿತೇ ಆಡಿಕೊಳ್ಳುತ್ತಾರೆ, ತಿರುವನ್ನು ಕುರಿತು ಯಾರೂ ಆಡುವುದಿಲ್ಲ. ಪೊಲೀಸ್ ದಾಖಲೆಯಲ್ಲಿಯೂ ಅಜಾಗರೂಕತೆಯ ಚಾಲನೆ ಎಂಬ ಕಾರಣ ಬರೆದರೆ ಕಡತ ಮುಗಿಯುತ್ತದೆ. ವೇಗ ದ್ವಿಗುಣವಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಭೌತಶಾಸ್ತ್ರ ಸತ್ಯವೇ, ಚಾಲಕನ ಹೊಣೆಯೂ ಸತ್ಯವೇ. ಆದರೂ ಒಂದೇ ತಿರುವಿನಲ್ಲಿ ಮೂರು ವರ್ಷಗಳಲ್ಲಿ ಐವರು ಬೇರೆ ಬೇರೆ ಚಾಲಕರು ಎಡವಿದರೆ ತಿರುವನ್ನೂ ಪ್ರಶ್ನಿಸಬೇಕಲ್ಲವೇ? ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಪ್ಪುಚುಕ್ಕೆ ಎಂದು ಗುರುತಿಸುವ ನಿಯಮವೂ ಹೆಚ್ಚುಕಡಿಮೆ ಇದೇ: ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು. ಅಲ್ಲಿಯವರೆಗೆ ಕಾಯಬೇಕೇ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ಸುರಕ್ಷಾ ಪರಿಶೋಧನೆ. ನಕ್ಷೆಯ ಹಂತದಲ್ಲಿಯೇ, ಅದನ್ನು ಬರೆಯದ ಇನ್ನೊಬ್ಬ ಇಂಜಿನಿಯರನು ಯಾರು ಎಲ್ಲಿ ಎಡವಬಹುದು ಎಂದು ಪರೀಕ್ಷಿಸುವ ಪದ್ಧತಿ ಅದು. ಸ್ವೀಡನ್ನಿನ ಸಂಸತ್ತು 1997ರಲ್ಲಿ ಅಂಗೀಕರಿಸಿದ ಧೋರಣೆ ಇನ್ನೂ ಮುಂದೆ ಹೋಗಿ, ಮನುಷ್ಯನು ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣವೇ ದಂಡವಾಗದಂತೆ ರಸ್ತೆಯನ್ನು ರೂಪಿಸುವ ಹೊಣೆ ರೂಪಿಸುವವರದ್ದು ಎನ್ನುತ್ತದೆ. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 198ಎ ಪ್ರಕರಣ, ಗೊತ್ತುಪಡಿಸಿದ ಮಾನದಂಡಗಳನ್ನು ಪಾಲಿಸದ್ದರಿಂದ ಸಾವು ಅಥವಾ ಅಂಗವಿಕಲತೆ ಸಂಭವಿಸಿದರೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಮೊತ್ತ ಚಿಕ್ಕದು. ರಸ್ತೆಯನ್ನು ರೂಪಿಸಿದವನೂ ಹೊಣೆಗಾರನಾಗಬಹುದೆಂದು ಕಾನೂನು ಒಪ್ಪಿದ್ದು ಚಿಕ್ಕದಲ್ಲ.

ರಸ್ತೆ ಅಗಲ ಮಾಡಿದರೆ, ಇನ್ನೊಂದು ರಸ್ತೆ ಕೂಡಿಸಿದರೆ ದಟ್ಟಣೆ ಕರಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವೇದವಾಕ್ಯವಾಗಿದೆ. ಡೀಟ್ರಿಚ್ ಬ್ರಾಸ್ ಎಂಬ ಜರ್ಮನ್ ಗಣಿತಜ್ಞರು 1968ರಲ್ಲಿ ತೋರಿಸಿದ ಸಂಗತಿ ವಿಚಿತ್ರವಾಗಿದೆ: ಕೆಲವು ಜಾಲಗಳಲ್ಲಿ ಹೊಸದೊಂದು ರಸ್ತೆ ಸೇರಿಸಿದರೆ ಪ್ರತಿಯೊಬ್ಬನ ಪ್ರಯಾಣದ ಸಮಯವೂ ಹೆಚ್ಚುತ್ತದೆ. ಪ್ರತಿಯೊಬ್ಬನೂ ತನಗೆ ಹತ್ತಿರವಾದದ್ದನ್ನೇ ಆರಿಸಿದ. ಯಾರೂ ತಪ್ಪು ಮಾಡಲಿಲ್ಲ. ಎಲ್ಲರೂ ತಡವಾಗಿ ಮುಟ್ಟಿದರು. ಸಾರ್ವಜನಿಕ ಹಿತವೆಂಬುದು ಖಾಸಗಿ ಹಿತಗಳ ಮೊತ್ತವಲ್ಲ ಎಂದು ತತ್ತ್ವಶಾಸ್ತ್ರದ ತರಗತಿಯಲ್ಲಿ ಗಂಟೆಗಟ್ಟಲೆ ವಾದಿಸಿದ್ದನ್ನು ಇವರು ಒಂದು ಚಿಕ್ಕ ನಕ್ಷೆಯಲ್ಲಿ ಸಾಧಿಸಿಬಿಟ್ಟರು.

ನೌಕರಿಯ ವಿಚಾರ ಪೋಷಕರಿಗೆ ಮುಖ್ಯ. ಸಲಹಾ ಸಂಸ್ಥೆಗಳು, ಹೆದ್ದಾರಿ ನಿರ್ಮಾಣದ ಕಂಪೆನಿಗಳು, ಮೆಟ್ರೊ ನಿಗಮಗಳು, ಮಹಾನಗರ ಪಾಲಿಕೆಗಳ ಯೋಜನೆಗಳು ಇಂತಹವರನ್ನು ತೆಗೆದುಕೊಳ್ಳುತ್ತವೆ. ಕರ್ನಾಟಕ ಸರಕಾರ 2007ರಲ್ಲಿ ಸ್ಥಾಪಿಸಿದ ನಗರ ಭೂಸಾರಿಗೆ ನಿರ್ದೇಶನಾಲಯವಿದೆ. ಲೋಕೋಪಯೋಗಿ ಇಲಾಖೆಯ ಸಹಾಯಕ ಇಂಜಿನಿಯರ್ ಹುದ್ದೆಗೆ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ನಮ್ಮ ಕರಾವಳಿಯವರು ಬಹಳವಾಗಿರುವ ದುಬೈಯಲ್ಲಿ 2005ರಲ್ಲಿ ರಚನೆಯಾದ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರ ಬಸ್ಸು, ಮೆಟ್ರೊ, ರಸ್ತೆ ಎಲ್ಲವನ್ನೂ ಒಂದೇ ಸೂರಿನಡಿ ನೋಡಿಕೊಳ್ಳುತ್ತದೆ. ಅನುಭವವಿದ್ದವರಿಗೆ ಅಂತಹ ಕಡೆಯೂ ದಾರಿಯಿದೆ. ಆರಂಭದ ಸಂಬಳ ಸಾಫ್ಟ್‌ವೇರಿನ ಗೆಳೆಯನಿಗಿಂತ ಕಡಿಮೆಯೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಊರೂರು ಅಲೆಯಬೇಕು. ಹೆಣ್ಣುಮಕ್ಕಳಿಗೆ ರಾತ್ರಿಯ ಸಮೀಕ್ಷೆ ಕಷ್ಟ ಎಂದು ಹಿಂದೇಟು ಹಾಕುವವರಿದ್ದಾರೆ. ಆದರೆ ಕತ್ತಲಾದ ಮೇಲೆ ಯಾವ ಬಸ್ ನಿಲ್ದಾಣದಲ್ಲಿ ಹೆಂಗಸರು ನಿಲ್ಲುವುದಿಲ್ಲ, ಏಕೆ ನಿಲ್ಲುವುದಿಲ್ಲ ಎಂಬುದನ್ನು ಪುರುಷ ಇಂಜಿನಿಯರುಗಳು ಗಮನಿಸಿದ್ದು ಕಡಿಮೆ. ಆ ಕಾರಣಕ್ಕಾದರೂ ನಮ್ಮ ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಬೇಕೆಂಬುದು ನಮ್ಮ ಬಯಕೆ.

ಕಲಿಕೆಗೆ ಹಣದ ಅಡಚಣೆ ಮೊದಲಿನಷ್ಟಿಲ್ಲ. ಉದ್ದಿಮೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಸಿಮ್ ಎಂಬ ತಂತ್ರಾಂಶಕ್ಕೆ ಬೆಲೆಯಿದೆ. ಜರ್ಮನಿಯ ಅಂತರಿಕ್ಷ ಸಂಶೋಧನಾ ಕೇಂದ್ರ ಬೆಳೆಸಿದ ಸುಮೊ ಎಂಬ ತಂತ್ರಾಂಶ 2001ರಿಂದಲೂ ಉಚಿತವಾಗಿಯೇ ದೊರೆಯುತ್ತಿದೆ. ನಕ್ಷೆಗಳಿಗೆ ಕ್ಯೂಜಿಐಎಸ್ ಕೂಡ ಉಚಿತ. ಅಂತಿಮ ವರ್ಷದ ವಿದ್ಯಾರ್ಥಿ ತನ್ನ ಕಾಲೇಜಿನ ಎದುರಿನ ಜಂಕ್ಷನ್ನನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ಸಿಗ್ನಲ್‌ನ ಸಮಯ ಬದಲಾಯಿಸಿ ಪರಿಣಾಮ ನೋಡಬಹುದು. ಇಂತಹ ಒಂದು ಕೆಲಸವನ್ನು ಸಂದರ್ಶನದಲ್ಲಿ ತೋರಿಸಿದವನು ಅಂಕಪಟ್ಟಿ ಮಾತ್ರ ತೋರಿಸಿದವನಿಗಿಂತ ಮುಂದಿರುತ್ತಾನೆ. ಅಂದವಾಗಿ ಬರೆಯಲು ಕಲಿಯಬೇಕು, ಏಕೆಂದರೆ ಕೊನೆಗೆ ಎಲ್ಲವೂ ವರದಿಯಾಗಿ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಕನ್ನಡವನ್ನೂ ತುಳುವನ್ನೂ ಕೊಂಕಣಿಯನ್ನೂ ಮರೆಯಬಾರದು. ಬಸ್ ತಂಗುದಾಣದಲ್ಲಿ ಕುಳಿತವರು ಇಂಗ್ಲಿಷಿನಲ್ಲಿ ಉತ್ತರಿಸುವುದಿಲ್ಲ.

ಆಸಕ್ತಿಯುಳ್ಳವರು ಪ್ರವೇಶಕ್ಕಾಗಿ ಕಾಯದೆ ಬರುವ ಶನಿವಾರವೇ ಆರಂಭಿಸಬಹುದು. ತಮ್ಮ ಮನೆಯ ಹತ್ತಿರದ ಒಂದು ಜಂಕ್ಷನ್ನಿನಲ್ಲಿ, ಯಾರಿಗೂ ಅಡ್ಡಿಯಾಗದ ಎತ್ತರದ ಜಾಗದಲ್ಲಿ, ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ನಿಲ್ಲಬೇಕು. ನೋಟ್ ಪುಸ್ತಕದ ಎಡಪುಟದಲ್ಲಿ ನಾಲ್ಕು ಸಾಲುಗಳು, ಸಾಲಿಗೆ ಹದಿನೈದು ನಿಮಿಷ. ಬಸ್ಸು, ಲಾರಿ, ಕಾರು, ರಿಕ್ಷಾ, ಸ್ಕೂಟರ್, ಸೈಕಲ್ ಎಂದು ಆರು ಅಂಕಣಗಳು. ಬಲಪುಟದಲ್ಲಿ ಮೂರೇ ಅಂಕಣಗಳು ಸಾಕು: ರಸ್ತೆ ದಾಟಿದವರು, ದಾಟಲು ಅವರು ಕಾದ ಸೆಕೆಂಡುಗಳು, ಬಂದು ನಿಂತು ದಾಟದೆ ಹಿಂದಿರುಗಿದವರು.